ಮಂಗನ ಕಾಯಿಲೆ: ಕಾಡಂಚಿನ ಜ್ವರವನ್ನು ಅರಿತು ನಡೆಯೋಣ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ಹೊತ್ತಿಗೆ ಮಲೆನಾಡಿನಲ್ಲಿ ಕೆಲಸಗಳ ಸಾಲೇ ಎದುರಾಗುತ್ತದೆ. ಅಡಿಕೆ ಕೊಯ್ಲು ಭರದಿಂದ ಸಾಗಿರುತ್ತದೆ. ಭತ್ತದ ಒಕ್ಕಲು ಮುಗಿಯಬೇಕಾಗಿರುತ್ತದೆ. ತೋಟಕ್ಕೂ ಕೊಟ್ಟಿಗೆಗೂ ಬೇಕಾದ ಸೊಪ್ಪು, ತರಗೆಲೆ, ಸೌದೆಗಳಿಗಾಗಿ ಮನೆಯ ಹೆಣ್ಣುಮಕ್ಕಳೂ ಕೂಲಿಕಾರರೂ ಸೊಪ್ಪಿನ ಬೆಟ್ಟವನ್ನು ಹತ್ತುತ್ತಾರೆ. ಇದೇ ದಿನಗಳಲ್ಲಿ ಕಾಡಿನ ನೆಲದ ತರಗೆಲೆಗಳ ನಡುವೆ ಎಳ್ಳುಕಾಳಿಗಿಂತಲೂ ಚಿಕ್ಕದಾದ ಒಂದು ಜೀವಿ ಆಹಾರಕ್ಕಾಗಿ ಕಾದು ಕುಳಿತಿರುತ್ತದೆ. ಅದು ಉಣುಗಿನ ಮರಿ. ಕೆಲವು ಕಡೆ ಇದನ್ನು ಉಣ್ಣೆ ಎಂದೂ ಕರೆಯುವರು. ಈ ಮರಿಯ ಕಡಿತದಿಂದ ಮನುಷ್ಯನ ದೇಹವನ್ನು ಸೇರುವ ವೈರಾಣುವೇ ಮಂಗನ ಕಾಯಿಲೆಗೆ ಕಾರಣ.

ವೈರಾಣು ಜ್ವರಗಳಲ್ಲಿ ಬಹುಪಾಲು ನಾಲ್ಕೈದು ದಿನ ಕಾಡಿ ತಾವಾಗಿಯೇ ಇಳಿದುಹೋಗುತ್ತವೆ. ಆ ಅನುಭವದಿಂದಲೇ ನಮ್ಮ ಜನರಲ್ಲಿ ಜ್ವರದ ಬಗ್ಗೆ ಒಂದು ಬಗೆಯ ಸಲುಗೆ ಬೆಳೆದಿದೆ. ಒಂದು ಮಾತ್ರೆ ನುಂಗಿ, ಒಂದು ಲೋಟ ಕಷಾಯ ಕುಡಿದು ಕೆಲಸಕ್ಕೆ ಹೋಗುವುದು ವಾಡಿಕೆ. ಮಂಗನ ಕಾಯಿಲೆ ಈ ಸಲುಗೆಯನ್ನು ಸಹಿಸುವ ಜ್ವರವಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಅದರ ಹುಟ್ಟು, ಹರಡುವ ಬಗೆ, ಲಕ್ಷಣ, ಚಿಕಿತ್ಸೆಯ ಮಿತಿ ಮತ್ತು ರಕ್ಷಣೆಯ ಉಪಾಯಗಳನ್ನು ಓದುಗ ಬಂಧುಗಳ ಮುಂದಿಡಲು ಬಯಸಿದ್ದೇವೆ.

ಕ್ಯಾಸನೂರಿನಿಂದ ಬಂದ ಹೆಸರು

೧೯೫೭ರ ಮಾತು. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಅದರೊಂದಿಗೆ ಸುತ್ತಲ ಹಳ್ಳಿಗಳ ಜನರಲ್ಲಿ ತೀವ್ರವಾದ ಜ್ವರ ಕಾಣಿಸಿಕೊಂಡಿತು. ಜ್ವರದೊಂದಿಗೆ ತಡೆಯಲಾರದ ತಲೆನೋವು, ಸೊಂಟನೋವು, ಕೆಲವರಲ್ಲಿ ಮೂಗು ಬಾಯಿಗಳಿಂದ ರಕ್ತಸ್ರಾವ. ಮಂಗಗಳ ಸಾವು ಮತ್ತು ಮನುಷ್ಯರ ಜ್ವರ ಜೊತೆಜೊತೆಯಾಗಿ ಬಂದುದರಿಂದ, ಭಾರತಕ್ಕೆ ಎಂದೂ ಕಾಲಿಡದಿದ್ದ ಹಳದಿ ಜ್ವರವೇ ಬಂದಿತೇ ಎಂಬ ಆತಂಕ ಮೊದಲಿಗೆ ಹುಟ್ಟಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರವೂ ಮಂಗಗಳನ್ನು ಬಾಧಿಸುವುದುಂಟು.

ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪನೆಗೊಂಡಿದ್ದ ವೈರಾಣು ಸಂಶೋಧನಾ ಕೇಂದ್ರದ ತಜ್ಞರು ಸ್ಥಳಕ್ಕೆ ಬಂದರು. ಇಂದು ಅದೇ ಸಂಸ್ಥೆ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂದು ಹೆಸರಾಗಿದೆ. ಡಾ. ಟೆಲ್ಫರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಉಣುಗುಗಳಿಂದಲೂ ಮಾದರಿಗಳನ್ನು ಸಂಗ್ರಹಿಸಿದರು. ಕಂಡುಬಂದದ್ದು ಅದುವರೆಗೆ ಯಾರೂ ಅರಿಯದಿದ್ದ ಹೊಸ ವೈರಾಣು. ದೂರದ ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳು ಜ್ವರದ ವೈರಾಣುವಿಗೆ ಇದು ಹತ್ತಿರದ ಬಂಧು ಎಂಬುದು ಪರೀಕ್ಷೆಯಿಂದ ತಿಳಿಯಿತು. ಡೆಂಗಿ ಮತ್ತು ಹಳದಿ ಜ್ವರದ ವೈರಾಣುಗಳೂ ಇದೇ ದೊಡ್ಡ ಕುಟುಂಬಕ್ಕೆ ಸೇರಿದವು. ಹೀಗೆ ನಮ್ಮ ಮಲೆನಾಡಿನ ಒಂದು ಚಿಕ್ಕ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಕ್ಯಾಸನೂರು ಅರಣ್ಯ ಕಾಯಿಲೆ ಎಂಬುದು ಅದರ ಶಾಸ್ತ್ರೀಯ ಹೆಸರು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಬಹುಕಾಲ ಈ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕಾಡಂಚಿಗೆ ಸೀಮಿತವಾಗಿತ್ತು. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಬೆಳ್ತಂಗಡಿಯ ಭಾಗದಲ್ಲಿ ಕಾಡು ಕಡಿದ ಬಳಿಕ ಇದು ದೊಡ್ಡ ಪ್ರಮಾಣದಲ್ಲಿ ಹಬ್ಬಿತು. ೨೦೧೨ರಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಅನಂತರ ಕೇರಳದ ವಯನಾಡು, ೨೦೧೫ರಲ್ಲಿ ಗೋವಾ, ೨೦೧೬ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗಳಲ್ಲಿಯೂ ಪತ್ತೆಯಾಯಿತು. ೨೦೧೮ರ ಕೊನೆಯಿಂದ ೨೦೧೯ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದ ಜನರು ಪಟ್ಟ ಪಾಡನ್ನು ನಮ್ಮ ಓದುಗರು ಇನ್ನೂ ಮರೆತಿರಲಾರರು. ಪಶ್ಚಿಮ ಘಟ್ಟದ ಉದ್ದಕ್ಕೂ ಈ ಕಾಯಿಲೆಯ ನೆಲೆ ಹಿಗ್ಗುತ್ತಿದೆ ಎಂಬುದು ಇದರಿಂದ ಸ್ಪಷ್ಟ.

ಉಣುಗಿನ ಬದುಕು, ಕಾಯಿಲೆಯ ಕಾಲ

ಈ ಕಾಯಿಲೆ ಏಕೆ ಮಾರ್ಗಶಿರದಿಂದ ವೈಶಾಖದವರೆಗೆ ಮಾತ್ರ ಹೆಚ್ಚು ಕಾಡುತ್ತದೆ ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಉತ್ತರ ಉಣುಗಿನ ಜೀವನಕ್ರಮದಲ್ಲಿದೆ.

ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನಕರುಗಳ ಮೈಗೆ ಹತ್ತಿ ಹೊಟ್ಟೆ ತುಂಬ ರಕ್ತ ಹೀರಿ ನೆಲಕ್ಕೆ ಉದುರುತ್ತವೆ. ತರಗೆಲೆಗಳ ಅಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತವೆ. ಮಳೆ ಹಿಂದಾಗುವ ಹೊತ್ತಿಗೆ ಆರು ಕಾಲಿನ ಸಣ್ಣ ಮರಿಗಳು ಹೊರಬರುತ್ತವೆ. ಇವು ಇಲಿ, ಸುಂಡಿಲಿ, ಅಳಿಲು, ನೆಲದ ಮೇಲೆ ಓಡಾಡುವ ಹಕ್ಕಿಗಳು, ಮಂಗ ಹೀಗೆ ಸಿಕ್ಕ ಪ್ರಾಣಿಯ ರಕ್ತ ಹೀರುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಾಣು ಇದ್ದರೆ ಅದು ಮರಿಯ ದೇಹವನ್ನು ಸೇರುತ್ತದೆ. ಮರಿಯು ಪೊರೆ ಕಳಚಿ ಎಂಟು ಕಾಲಿನ ಎರಡನೆಯ ಹಂತಕ್ಕೆ ಬಂದಾಗಲೂ ವೈರಾಣು ಅದರೊಳಗೆ ಉಳಿದಿರುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿನಲ್ಲಿ ಈ ಎರಡನೆಯ ಹಂತದ ಮರಿಗಳೇ ತುಂಬಿರುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದೂ ಇವೇ. ಕಾಡಿನ ಕೆಲಸಕ್ಕೆ ಜನರು ಹೋಗುವ ಕಾಲವೂ ಇದೇ ಆಗಿರುವುದರಿಂದ ಎರಡೂ ಒಂದೆಡೆ ಸೇರುತ್ತವೆ. ಮುಂಗಾರು ಹಿಡಿದು ನೆಲ ನೆನೆದ ಬಳಿಕ ಕಾಯಿಲೆಯೂ ತಗ್ಗುತ್ತದೆ.

ಇಲ್ಲಿ ಒಂದು ಸಮಾಧಾನದ ಸಂಗತಿಯನ್ನು ಹೇಳಬೇಕು. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಕೆಮ್ಮಿನಿಂದಾಗಲಿ, ಜೊತೆಯಲ್ಲಿ ಊಟ ಮಾಡುವುದರಿಂದಾಗಲಿ, ರೋಗಿಯ ಆರೈಕೆಯಿಂದಾಗಲಿ ಇದು ಬಾರದು. ಹಾಗಿದ್ದೂ ಕಾಯಿಲೆ ಬಂದ ಮನೆಯ ಅಂಗಳಕ್ಕೆ ಕಾಲಿಡಲು ನೆರೆಹೊರೆಯವರು ಹಿಂಜರಿದುದನ್ನು ನಾವು ಕಂಡಿದ್ದೇವೆ. ಅಂಥ ಭಯ ನಿರಾಧಾರವಾದುದು. ಒಂದೇ ಮನೆಯ ಇಬ್ಬರು ಮೂವರಿಗೆ ಜ್ವರ ಬಂದರೆ, ಅವರೆಲ್ಲರೂ ಒಂದೇ ಬೆಟ್ಟಕ್ಕೆ ಹೋಗಿದ್ದರೆಂದು ತಿಳಿಯಬೇಕು.

ಮಂಗವು ಅಪರಾಧಿಯಲ್ಲ

ಕಾಯಿಲೆಗೆ ಮಂಗನ ಹೆಸರಿರುವುದರಿಂದ ಮಂಗಗಳ ಮೇಲೆ ಜನರಿಗೆ ಸಿಟ್ಟು ಹುಟ್ಟುವುದು ಸಹಜ. ತೋಟ ಗದ್ದೆಗಳನ್ನು ಹಾಳು ಮಾಡುವ ಪ್ರಾಣಿಯೆಂಬ ಬೇಸರ ಅದಕ್ಕೆ ಸೇರಿಕೊಳ್ಳುತ್ತದೆ. ಆದರೆ ವಿಷಯವನ್ನು ಬಿಡಿಸಿ ನೋಡಿದರೆ ಮಂಗವೂ ನಮ್ಮಂತೆಯೇ ಈ ವೈರಾಣುವಿಗೆ ಬಲಿಯಾಗುವ ಜೀವಿ. ಕರಿಮುಖದ ಮುಸಿಯ ಮತ್ತು ಕೆಂಪುಮೂತಿಯ ಮಂಗ ಇವೆರಡೂ ಸೋಂಕು ತಗುಲಿದರೆ ಬಹುಬೇಗ ಸಾಯುತ್ತವೆ. ಸತ್ತ ಮಂಗನ ದೇಹದಿಂದ ವೈರಾಣು ಹೊತ್ತ ಉಣುಗುಗಳು ಕೆಳಗಿಳಿದು ಸುತ್ತಲ ನೆಲದಲ್ಲಿ ಹರಡುತ್ತವೆ. ಹೀಗೆ ಮಂಗ ಸತ್ತ ಜಾಗ ಅಪಾಯದ ಕೇಂದ್ರವಾಗುತ್ತದೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸ ಎಂಬ ಅಧ್ಯಾಯವಿದೆ. ಬೇರೆ ಬೇರೆ ಪ್ರಕೃತಿ, ಆಹಾರ, ವಯಸ್ಸುಗಳುಳ್ಳ ಜನರೆಲ್ಲ ಒಂದೇ ಕಾಲದಲ್ಲಿ ಒಂದೇ ರೋಗಕ್ಕೆ ಹೇಗೆ ತುತ್ತಾಗುತ್ತಾರೆ ಎಂಬ ಅಗ್ನಿವೇಶನ ಸಂದೇಹಕ್ಕೆ ಆತ್ರೇಯ ಮಹರ್ಷಿಗಳು ಅಲ್ಲಿ ಉತ್ತರ ಕೊಡುತ್ತಾರೆ. ವಾಯು, ಜಲ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದವು, ಇವು ಕೆಟ್ಟಾಗ ಊರಿಗೆ ಊರೇ ರೋಗಕ್ಕೀಡಾಗುತ್ತದೆ ಎಂಬುದು ಅದರ ಸಾರ. ಕೆಟ್ಟ ದೇಶದ ಲಕ್ಷಣಗಳನ್ನು ಹೇಳುವಾಗ ಸೊಳ್ಳೆ, ನೊಣ, ಇಲಿಗಳ ಹೆಚ್ಚಳವನ್ನೂ, ಮೃಗಪಕ್ಷಿಗಳು ಕಂಗೆಟ್ಟು ನರಳುವುದನ್ನೂ ಸಂಹಿತೆ ಸೇರಿಸಿದೆ. ವೈರಾಣುವನ್ನು ಕಾಣುವ ಉಪಕರಣ ಆಗ ಇರಲಿಲ್ಲ. ಆದರೂ ಪ್ರಾಣಿಗಳ ಸಂಕಟದಲ್ಲಿ ಮನುಷ್ಯನಿಗೆ ಬರಲಿರುವ ಸಂಕಟದ ಸೂಚನೆಯಿದೆ ಎಂಬುದನ್ನು ನಮ್ಮ ಹಿರಿಯರು ಗಮನಿಸಿದ್ದರು.

ಇಂದಿಗೂ ಈ ಸೂಚನೆಯ ಬೆಲೆ ಕಡಿಮೆಯಾಗಿಲ್ಲ. ಕಾಡಿನಲ್ಲಾಗಲಿ ತೋಟದಂಚಿನಲ್ಲಾಗಲಿ ಸತ್ತ ಮಂಗ ಕಂಡರೆ ಅದರ ಬಳಿಗೆ ಹೋಗಬಾರದು, ಮುಟ್ಟಬಾರದು, ಹೂಳಲೂ ಹೋಗಬಾರದು. ಕೂಡಲೇ ಆಶಾ ಕಾರ್ಯಕರ್ತೆಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಗ್ರಾಮ ಪಂಚಾಯಿತಿಗೋ, ಅರಣ್ಯ ಇಲಾಖೆಗೋ ತಿಳಿಸಬೇಕು. ಅವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ದೇಹವನ್ನು ಸುಟ್ಟು, ಸುತ್ತಲ ಸುಮಾರು ೫೦ ಮೀಟರ್ ಜಾಗಕ್ಕೆ ಉಣುಗುನಾಶಕ ಪುಡಿ ಹಾಕುತ್ತಾರೆ. ಮಂಗ ಸತ್ತರೆ ಮನೆಯ ಹಿರಿಯರು ಭಕ್ತಿಯಿಂದ ಅದಕ್ಕೆ ಸಂಸ್ಕಾರ ಮಾಡುವ ಪದ್ಧತಿ ಕೆಲವು ಊರುಗಳಲ್ಲಿದೆ. ಆ ಭಾವವನ್ನು ನಾವು ಗೌರವಿಸುತ್ತೇವೆ. ಆದರೆ ಈ ಆರು ತಿಂಗಳ ಅವಧಿಯಲ್ಲಿ ಆ ಕಾರ್ಯವನ್ನು ತರಬೇತಿ ಪಡೆದವರಿಗೆ ಬಿಟ್ಟುಕೊಡುವುದೇ ವಿವೇಕ.

ಲಕ್ಷಣಗಳು

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಬಹುತೇಕರಿಗೆ ಉಣುಗು ಕಚ್ಚಿದ ನೆನಪೇ ಇರುವುದಿಲ್ಲ. ಚಳಿಯೊಂದಿಗೆ ಥಟ್ಟನೆ ಏರುವ ಜ್ವರ, ಹಣೆಯನ್ನು ಸೀಳುವಂಥ ತಲೆನೋವು, ಕತ್ತು, ಸೊಂಟ ಹಾಗೂ ಮೀನಖಂಡಗಳಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ಎದ್ದು ನಿಲ್ಲಲಾರದ ನಿಶ್ಶಕ್ತಿ ಇವು ಮೊದಲ ಲಕ್ಷಣಗಳು. ಮೂರು ನಾಲ್ಕು ದಿನಗಳ ನಂತರ ಕೆಲವರಲ್ಲಿ ಮೂಗಿನಿಂದ, ವಸಡಿನಿಂದ, ಕೆಲವೊಮ್ಮೆ ಮಲದೊಂದಿಗೆ ರಕ್ತ ಹೋಗಬಹುದು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕಡಿಮೆಯಾಗಿರುತ್ತವೆ.

ಒಂದೆರಡು ವಾರಗಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಮೂರನೆಯ ವಾರದಲ್ಲಿ ಜ್ವರ ಮರುಕಳಿಸುತ್ತದೆ. ಆಗ ತಲೆನೋವಿನೊಂದಿಗೆ ಕತ್ತು ಬಿಗಿಯುವುದು, ಕೈ ನಡುಗುವುದು, ತಲೆಸುತ್ತು, ಮನಸ್ಸಿನ ಗಲಿಬಿಲಿ ಮುಂತಾದ ಮೆದುಳಿಗೆ ಸಂಬಂಧಿಸಿದ ಲಕ್ಷಣಗಳು ತೋರಬಹುದು. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐವರು ಸಾವನ್ನಪ್ಪುತ್ತಾರೆ ಎಂಬುದು ಇದುವರೆಗಿನ ಲೆಕ್ಕ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ, ಯಕೃತ್ತಿನ ತೊಂದರೆ ಮುಂತಾದವು ಮೊದಲೇ ಇದ್ದವರಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು.

ನಮ್ಮ ಚಿಕಿತ್ಸಾಲಯದ ಅನುಭವವೊಂದನ್ನು ಇಲ್ಲಿ ಹೇಳುವುದು ಉಚಿತ. ಕೆಲವು ವರ್ಷಗಳ ಹಿಂದೆ ಮಾಘಮಾಸದಲ್ಲಿ, ಅಡಿಕೆ ಕೊನೆ ತೆಗೆಯುವ ಮೂವತ್ತೈದರ ಹರೆಯದ ವ್ಯಕ್ತಿಯನ್ನು ಆತನ ಪತ್ನಿ ಆಟೋದಲ್ಲಿ ಕರೆತಂದಳು. ಜ್ವರ ಬಂದು ಐದನೆಯ ದಿನ. ಮೈಕೈ ನೋವಿಗೆಂದು ಪೇಟೆಯ ಅಂಗಡಿಯಿಂದ ತಂದ ಮಾತ್ರೆಗಳನ್ನು ದಿನಕ್ಕೆ ಮೂರರಂತೆ ನುಂಗಿದ್ದನು. ಮನೆಯಲ್ಲಿ ದಿನಕ್ಕೆರಡು ಬಾರಿ ಕಾಳುಮೆಣಸು, ಶುಂಠಿಗಳ ಖಾರವಾದ ಕಷಾಯವೂ ನಡೆದಿತ್ತು. “ಡಾಕ್ಟ್ರೇ, ಬೆಳಿಗ್ಗೆ ಹಲ್ಲು ಉಜ್ಜುವಾಗ ರಕ್ತ ಬಂತು. ನಿಮ್ಮ ಔಷಧ ಕೊಡಿ, ಆಸ್ಪತ್ರೆ ಅಂದರೆ ಕೂಲಿ ಹೋಗುತ್ತೆ” ಎಂದು ಆಕೆ ಕೇಳಿಕೊಂಡಳು. ಕಳೆದ ವಾರ ಸೌದೆಗಾಗಿ ಯಾವ ಕಡೆ ಹೋಗಿದ್ದಿರಿ ಎಂದು ವಿಚಾರಿಸಿದೆವು. ಅವಳು ಹೇಳಿದ ಬೆಟ್ಟದ ಬದಿಯಲ್ಲಿ ಎರಡು ಮುಸಿಯಗಳು ಸತ್ತುಬಿದ್ದಿದ್ದವೆಂಬುದು ಆಗ ಹೊರಬಂತು. ಯಾರಿಗೂ ಹೇಳಿರಲಿಲ್ಲ. ನಾವು ಔಷಧ ಕೊಡದೆ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದೆವು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಖಚಿತವಾಯಿತು. ಹತ್ತು ದಿನಗಳ ಆಸ್ಪತ್ರೆವಾಸದ ಬಳಿಕ ಆತ ಬದುಕಿ ಬಂದನು. ಆದರೆ ಮತ್ತೆ ಮರ ಹತ್ತುವಷ್ಟು ತ್ರಾಣ ಬರಲು ಎರಡು ತಿಂಗಳು ಹಿಡಿಯಿತು. ಗಂಡ ಆಸ್ಪತ್ರೆಯಲ್ಲಿದ್ದಾಗ ಆ ತಾಯಿ ಅದೇ ಬೆಟ್ಟದಿಂದ ಸೌದೆ ತಂದು ಮಾರಿ ಮನೆ ನಡೆಸಿದಳೆಂದು ಅನಂತರ ತಿಳಿಯಿತು. ಈ ಕಾಯಿಲೆಯ ಬಗ್ಗೆ ಬರೆಯುವಾಗಲೆಲ್ಲ ಅವಳ ನೆನಪಾಗುತ್ತದೆ. ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ಹೋಗದೆ ಒಲೆ ಉರಿಯದವರಿಗೆ ಆ ಮಾತಿನಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ರಕ್ಷಣೆಯ ದಾರಿ.

ಮಲೆನಾಡಿನ ಜ್ವರಗಳನ್ನು ಬೇರ್ಪಡಿಸಿ ನೋಡಬೇಕು

ಡೆಂಗಿ, ಇಲಿಜ್ವರ, ಉಣುಗಿನ ಜಾತಿಯದೇ ಆದ ಚಿಕ್ಕ ನುಸಿಗಳಿಂದ ಬರುವ ಸ್ಕ್ರಬ್ ಟೈಫಸ್, ಮಲೇರಿಯಾ, ವಿಷಮಶೀತ ಜ್ವರ ಇವೆಲ್ಲವೂ ಮೊದಲ ಮೂರು ದಿನಗಳಲ್ಲಿ ಹೆಚ್ಚು ಕಡಿಮೆ ಒಂದೇ ರೀತಿ ಕಾಣುತ್ತವೆ. ನಾಡಿ ಹಿಡಿದು, ನಾಲಿಗೆ ನೋಡಿ ಇವುಗಳನ್ನು ಖಚಿತವಾಗಿ ಬೇರ್ಪಡಿಸಬಲ್ಲೆವೆಂದು ಎಷ್ಟೇ ಅನುಭವವಿರುವ ವೈದ್ಯರೂ ಹೇಳಲಾಗದು.

ಬೇರ್ಪಡಿಸುವ ಅಗತ್ಯವೇನು ಎಂಬ ಪ್ರಶ್ನೆ ಏಳಬಹುದು. ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್‌ಗಳು ವೈರಾಣುಗಳಿಂದ ಬರುವುದಿಲ್ಲ, ಸೂಕ್ಷ್ಮ ಜೀವಾಣುಗಳಿಂದ ಬರುತ್ತವೆ. ಅವಕ್ಕೆ ಜೀವಾಣುನಾಶಕ ಔಷಧಗಳಿವೆ. ಸಕಾಲದಲ್ಲಿ ಕೊಟ್ಟರೆ ಜೀವ ಉಳಿಯುತ್ತದೆ, ತಡವಾದರೆ ಮೂತ್ರಪಿಂಡ, ಶ್ವಾಸಕೋಶಗಳು ಕೆಡುತ್ತವೆ. ಮಲೇರಿಯಾಕ್ಕೂ ನಿಶ್ಚಿತ ಔಷಧವಿದೆ. ಮಂಗನ ಕಾಯಿಲೆ ಮತ್ತು ಡೆಂಗಿಗಳಿಗಾದರೋ ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ. ಅಲ್ಲಿ ದ್ರವಾಂಶ, ರಕ್ತದೊತ್ತಡ, ರಕ್ತಸ್ರಾವಗಳ ಮೇಲೆ ಕಣ್ಣಿಟ್ಟು ಕಾಯುವುದೇ ಚಿಕಿತ್ಸೆ. ಹೀಗೆ ಒಂದೇ ರೀತಿ ಕಾಣುವ ಜ್ವರಗಳ ದಾರಿಗಳು ಬೇರೆ ಬೇರೆ. ಮಂಗನ ಕಾಯಿಲೆಯ ವೈರಾಣುವನ್ನು ಮೊದಲ ದಿನಗಳ ರಕ್ತದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ ಕಂಡುಹಿಡಿಯಬಹುದು. ದಿನಗಳು ಕಳೆದ ಮೇಲೆ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳ ಪರೀಕ್ಷೆ ನೆರವಾಗುತ್ತದೆ. ಆದುದರಿಂದ ಈ ಋತುವಿನಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಅಂದೋ ಮರುದಿನವೋ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಕೊಡಬೇಕು. ‘ಬೆಟ್ಟಕ್ಕೆ ಹೋಗಿದ್ದೆ’ ಎಂಬ ಒಂದು ಮಾತನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಔಷಧ ಎಲ್ಲಿದೆ, ಎಲ್ಲಿಲ್ಲ

ಆಯುರ್ವೇದ ವೈದ್ಯರಾದ ನಮ್ಮಿಂದ ಓದುಗರು ನಿರೀಕ್ಷಿಸುವ ಪ್ರಶ್ನೆಗೆ ಈಗ ಬರೋಣ. ಅಮೃತಬಳ್ಳಿ, ನೆಲಬೇವು, ತುಳಸಿ, ಪರಂಗಿ ಎಲೆ ಇವುಗಳಿಂದ ಮಂಗನ ಕಾಯಿಲೆ ಗುಣವಾಗುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ನಾಲ್ಕು ದಶಕಗಳ ಕಾಲ ಈ ಗಿಡಮೂಲಿಕೆಗಳೊಡನೆಯೇ ಬದುಕಿದವರು ನಾವು. ಅವುಗಳ ಮೇಲಿನ ಗೌರವದಿಂದಲೇ ಈ ಮಾತು ಹೇಳುತ್ತೇವೆ. ಈ ವೈರಾಣುವನ್ನು ನಾಶಮಾಡುತ್ತದೆಂದು ಸಿದ್ಧಪಟ್ಟ ಕಷಾಯವಾಗಲಿ, ಗುಳಿಗೆಯಾಗಲಿ, ಅರಿಷ್ಟವಾಗಲಿ ಆಯುರ್ವೇದದಲ್ಲಿಲ್ಲ. ಅಲೋಪಥಿಯಲ್ಲಿಯೂ ಇಲ್ಲ. ಹಾಗೆ ಇದೆಯೆಂದು ಯಾರಾದರೂ ಔಷಧ ಮಾರಿದರೆ ಕೊಳ್ಳಬೇಡಿ.

ಶಾಸ್ತ್ರದ ದೃಷ್ಟಿಯಿಂದಲೂ ಇಲ್ಲಿ ಎಚ್ಚರ ಬೇಕು. ಹೊರಗಿನ ಕಾರಣದಿಂದ ಬಂದ ಈ ಜ್ವರ ಆಗಂತು ಜ್ವರದ ಗುಂಪಿಗೆ ಸೇರುತ್ತದೆ. ರಕ್ತಸ್ರಾವ ತೋರಿದಾಗ ಅದು ರಕ್ತಪಿತ್ತದ ಸ್ವರೂಪ ತಾಳುತ್ತದೆ. ರಕ್ತಪಿತ್ತದಲ್ಲಿ ಉಷ್ಣವೂ ತೀಕ್ಷ್ಣವೂ ಆದ ದ್ರವ್ಯಗಳು ವರ್ಜ್ಯವೆಂದು ಆಚಾರ್ಯರು ಹೇಳಿದ್ದಾರೆ. ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿಗಳ ಖಾರ ಕಷಾಯವನ್ನು ಲೋಟಗಟ್ಟಲೆ ಕುಡಿಸುವುದು ನಮ್ಮ ಶಾಸ್ತ್ರಕ್ಕೇ ವಿರುದ್ಧ. ಜ್ವರದ ಉಲ್ಬಣಾವಸ್ಥೆಯಲ್ಲಿ ಎಣ್ಣೆ ನೀವುವುದೂ ನಿಷಿದ್ಧ. ಈ ಕಾಯಿಲೆಯಲ್ಲಿ ಯಕೃತ್ತಿಗೂ ಪೆಟ್ಟು ಬೀಳುವುದರಿಂದ ಯಾವುದೇ ಮೂಲಿಕೆಯನ್ನು ಸ್ವಂತ ಬುದ್ಧಿಯಿಂದ ಸೇವಿಸುವುದು ತರವಲ್ಲ. ಸೇವಿಸಿದ್ದರೆ ಅದನ್ನು ಆಸ್ಪತ್ರೆಯ ವೈದ್ಯರಿಂದ ಮುಚ್ಚಿಡಬಾರದು.

ಅಲೋಪಥಿಯ ನೋವಿನ ಮಾತ್ರೆಗಳ ವಿಷಯದಲ್ಲೂ ಇದೇ ಎಚ್ಚರ ಅಗತ್ಯ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ಸಾಕು. ಪ್ಲೇಟ್‌ಲೆಟ್ ಕಡಿಮೆಯಾಗಿರುವಾಗ ಸೊಂಟಕ್ಕೆ ಚುಚ್ಚುಮದ್ದು ಕೊಡಿಸಿಕೊಳ್ಳುವುದರಿಂದಲೂ ಮಾಂಸದೊಳಗೆ ರಕ್ತ ಕಟ್ಟಬಹುದು. ‘ಒಂದು ಇಂಜೆಕ್ಷನ್ ಹಾಕಿ ಕಳಿಸಿ’ ಎಂದು ವೈದ್ಯರನ್ನು ಒತ್ತಾಯಿಸುವ ರೂಢಿಯನ್ನು ಬಿಡಬೇಕು.

ಹಾಗಾದರೆ ಆಯುರ್ವೇದಕ್ಕೆ ಇಲ್ಲಿ ಕೆಲಸವೇ ಇಲ್ಲವೇ? ಇದೆ. ಪಥ್ಯದಲ್ಲಿ ಮತ್ತು ಚೇತರಿಕೆಯಲ್ಲಿ ಅದರ ಸ್ಥಾನ ದೊಡ್ಡದು. ಬಾಯಿರುಚಿ ಕೆಟ್ಟು ವಾಂತಿಯಾಗುತ್ತಿರುವಾಗ ತೆಳುವಾದ ಅಕ್ಕಿಗಂಜಿ, ಬಳಿಕ ಹೆಸರುಬೇಳೆಯ ಕಟ್ಟು, ಎಳನೀರು, ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡುವುದು ಚರಕರು ಜ್ವರಕ್ಕೆ ಹೇಳಿದ ಆಹಾರಕ್ರಮಕ್ಕೆ ಹೊಂದುವಂಥದು. ದೇಹದ ದ್ರವಾಂಶ ಕಾಯ್ದುಕೊಳ್ಳಬೇಕೆಂಬ ಇಂದಿನ ವೈದ್ಯಕೀಯದ ಸೂಚನೆಗೂ ಇದು ಒಪ್ಪುತ್ತದೆ. ಜ್ವರ ಬಿಟ್ಟ ಮೇಲೆ ಬಲ ಮರಳುವ ತನಕ ಶ್ರಮದ ಕೆಲಸ, ದೂರದ ನಡಿಗೆ, ಗುರುವಾದ ಆಹಾರ ಬೇಡವೆಂದು ಸಂಹಿತೆಯಲ್ಲಿದೆ. ಮೂರನೆಯ ವಾರದಲ್ಲಿ ಕಾಯಿಲೆ ಮರುಕಳಿಸುವ ಸಂಭವವಿರುವುದರಿಂದ ಈ ನಿಯಮವನ್ನು ಅಕ್ಷರಶಃ ಪಾಲಿಸಬೇಕು. ಕನಿಷ್ಠ ಒಂದು ತಿಂಗಳು ವಿಶ್ರಾಂತಿ ಇರಲಿ. ಆ ಅವಧಿ ದಾಟಿ, ಆಸ್ಪತ್ರೆಯ ಪರೀಕ್ಷೆಗಳು ಸರಿಯಾಗಿವೆಯೆಂದು ಖಚಿತವಾದ ಬಳಿಕ ಅಗ್ನಿಬಲ, ದೇಹಬಲಗಳಿಗಾಗಿ ವೈದ್ಯರ ಸಲಹೆಯಂತೆ ಔಷಧ ಸೇವಿಸಬಹುದು.

ಲಸಿಕೆಯ ಕಥೆ

ಮಂಗನ ಕಾಯಿಲೆಗೆ ಲಸಿಕೆ ಇತ್ತಲ್ಲವೇ ಎಂದು ಹಿರಿಯರು ಕೇಳುತ್ತಾರೆ. ನಿಜ. ನಿಷ್ಕ್ರಿಯಗೊಳಿಸಿದ ವೈರಾಣುವಿನಿಂದ ರಾಜ್ಯದಲ್ಲಿಯೇ ತಯಾರಿಸಿದ ಲಸಿಕೆಯನ್ನು ೧೯೯೦ರಿಂದ ಕಾಡಂಚಿನ ಹಳ್ಳಿಗಳಲ್ಲಿ ಕೊಡಲಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ ವರ್ಷವರ್ಷವೂ ಬೂಸ್ಟರ್ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗದಲ್ಲಿ ನೋವು ಹೆಚ್ಚಿದ್ದುದರಿಂದ ಅನೇಕರು ಎರಡನೆಯ ಬಾರಿಗೆ ಬರುತ್ತಿರಲಿಲ್ಲ. ಲಸಿಕೆ ಪಡೆದವರಿಗೂ ಕಾಯಿಲೆ ಬಂದ ಉದಾಹರಣೆಗಳು ಹೆಚ್ಚಿದವು. ಶಕ್ತಿ ಸಾಲದೆಂಬ ಕಾರಣದಿಂದ ೨೦೨೨ರ ಹೊತ್ತಿಗೆ ಅದರ ಬಳಕೆ ನಿಂತಿತು. ಹೊಸ ಲಸಿಕೆಯೊಂದನ್ನು ರೂಪಿಸುವ ಕಾರ್ಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದಿದೆ. ಅದು ಜನರ ಕೈಸೇರಿದಾಗ ತಪ್ಪದೆ ಹಾಕಿಸಿಕೊಳ್ಳೋಣ. ಹಿಂದೆಂದೋ ಹಳೆಯ ಲಸಿಕೆ ಹಾಕಿಸಿಕೊಂಡಿದ್ದೇವೆಂಬ ಧೈರ್ಯದಿಂದ ಈಗ ಮೈಮರೆಯುವುದು ಬೇಡ.

ಕಾಡಿಗೆ ಹೋಗಲೇಬೇಕಾದವರಿಗೆ

ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಗಮ್‌ಬೂಟು ಹಾಕಿಕೊಳ್ಳಬೇಕು. ಸೀರೆ ಉಡುವ ತಾಯಂದಿರು ಒಳಗೆ ಪೈಜಾಮ ತೊಟ್ಟು ಮೇಲೆ ಹಳೆಯ ಅಂಗಿ ಹಾಕಿಕೊಳ್ಳುವುದು ಒಳ್ಳೆಯದು. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ ಉಣುಗು ಕಣ್ಣಿಗೆ ಬೀಳುತ್ತದೆ. ಆರೋಗ್ಯ ಇಲಾಖೆ ವಿತರಿಸುವ ಡೆಪಾ ಎಣ್ಣೆಯನ್ನು ಕೈಕಾಲು, ಕತ್ತುಗಳಿಗೆ ಹಚ್ಚಿಕೊಳ್ಳಬೇಕು. ಅದರ ಪ್ರಭಾವ ಕೆಲವೇ ಗಂಟೆಗಳದು. ಬೆಳಿಗ್ಗೆ ಹಚ್ಚಿಕೊಂಡು ಸಂಜೆಯವರೆಗೆ ದುಡಿಯುವವರು ನಡುವೆ ಮತ್ತೊಮ್ಮೆ ಹಚ್ಚಿಕೊಳ್ಳಬೇಕು. ಬೇವಿನೆಣ್ಣೆ ಇದಕ್ಕೆ ಬದಲಿಯಾಗಲಾರದು.

ಕೆಲಸದ ನಡುವೆ ತರಗೆಲೆಗಳ ಮೇಲೆ ನೇರವಾಗಿ ಕೂರುವುದು, ಮಲಗುವುದು ಬೇಡ. ಮನೆಗೆ ಬಂದೊಡನೆ ಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕಿ, ಬಿಸಿನೀರು ಸಾಬೂನುಗಳಿಂದ ಮೈ ಉಜ್ಜಿ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಸೊಂಟದ ಉಡುದಾರದ ಸುತ್ತ ಉಣುಗು ಹತ್ತಿದೆಯೇ ಎಂದು ನೋಡಿಕೊಳ್ಳಬೇಕು. ಹತ್ತಿದ್ದರೆ ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ ಹಚ್ಚುವುದಾಗಲಿ, ಬೀಡಿಯಿಂದ ಸುಡುವುದಾಗಲಿ ಮಾಡಬಾರದು. ಚಿಮುಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಮೇಲಕ್ಕೆಳೆಯಬೇಕು. ಬೆರಳುಗಳ ನಡುವೆ ಹೊಸಕಬಾರದು. ಬಳಿಕ ಆ ಜಾಗವನ್ನೂ ಕೈಗಳನ್ನೂ ಸಾಬೂನಿನಿಂದ ತೊಳೆಯಬೇಕು.

ದನಕರುಗಳು ಈ ವೈರಾಣುವಿನಿಂದ ಕಾಯಿಲೆ ಬೀಳುವುದಿಲ್ಲ. ಆದರೆ ಅವುಗಳ ಮೈಮೇಲೆ ಉಣುಗುಗಳು ಬೆಳೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಪಶುವೈದ್ಯರ ಸಲಹೆ ಪಡೆದು ಉಣುಗುನಾಶಕ ಔಷಧವನ್ನು ಹಸುಗಳಿಗೆ ಕೊಡಿಸಬೇಕು. ಮಂಗ ಸತ್ತ ಕಡೆಗೆ ಮೇಯಲು ಬಿಡಬಾರದು, ಅಲ್ಲಿಯ ಸೊಪ್ಪು ತಂದು ಕೊಟ್ಟಿಗೆಗೆ ಹಾಸಬಾರದು. ಸೊಪ್ಪು, ತರಗೆಲೆಗಳ ಸಂಗ್ರಹವನ್ನು ಸಾಧ್ಯವಾದಷ್ಟೂ ನವೆಂಬರ್ ಕೊನೆಯೊಳಗೆ ಮುಗಿಸಿಕೊಂಡರೆ ಅಪಾಯದ ತಿಂಗಳುಗಳಲ್ಲಿ ಬೆಟ್ಟ ಹತ್ತುವ ಸಂದರ್ಭ ಕಡಿಮೆಯಾಗುತ್ತದೆ.

ಊರಿನ ಹೊಣೆ

ಕೊನೆಯದಾಗಿ ತೋಟದ ಒಡೆಯರಲ್ಲಿ ಒಂದು ವಿನಂತಿ. ಕಾಡಿಗೆ ಹೋಗಿ ಸೊಪ್ಪು ತರುವವರು ಬಹುಪಾಲು ಕೂಲಿಕಾರರು. ಕಾಯಿಲೆ ಮೊದಲು ಮುಟ್ಟುವುದು ಅವರನ್ನೇ. ಅವರಿಗೆ ಬೂಟು, ಪೂರ್ಣ ಉಡುಪು, ಡೆಪಾ ಎಣ್ಣೆ ದೊರಕುವಂತೆ ನೋಡಿಕೊಳ್ಳುವುದು ಕೆಲಸ ಮಾಡಿಸುವವರ ಕರ್ತವ್ಯ. ಜ್ವರ ಬಂದ ದಿನ ಕೂಲಿ ಕಳೆಯಬಾರದೆಂದು ಅವರು ಆಸ್ಪತ್ರೆಗೆ ಹೋಗದೆ ಉಳಿಯುತ್ತಾರೆ. ಆ ಒಂದೆರಡು ದಿನಗಳ ಕೂಲಿಯನ್ನು ಕೊಟ್ಟು ‘ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ’ ಎನ್ನುವ ಒಡೆಯನು ಒಂದು ಕುಟುಂಬವನ್ನು ಉಳಿಸಿದವನಾಗುತ್ತಾನೆ. ಕಾಯಕ ಮಾಡುವವನ ದೇಹ ಉಳಿದರಲ್ಲವೇ ಕಾಯಕವೂ ದಾಸೋಹವೂ ಉಳಿಯುವುದು?

ಗ್ರಾಮಸಭೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ, ಶಾಲೆಗಳಲ್ಲಿ ಈ ತಿಂಗಳೇ ಮೂರು ಮಾತುಗಳನ್ನು ಹೇಳಿಕೊಡೋಣ. ಮಂಗ ಸತ್ತರೆ ಮುಟ್ಟದೆ ತಿಳಿಸಬೇಕು. ಕಾಡಿಗೆ ಹೋಗುವಾಗ ಮೈ ಮುಚ್ಚಿ, ಎಣ್ಣೆ ಹಚ್ಚಿ ಹೋಗಬೇಕು. ಜ್ವರ ಬಂದರೆ ಎರಡು ದಿನದೊಳಗೆ ರಕ್ತ ಪರೀಕ್ಷೆ ಮಾಡಿಸಬೇಕು. ಓದಲು ಬಾರದ ನೆರೆಮನೆಯವರಿಗೆ ಓದುಗ ಬಂಧುಗಳು ಈ ಮೂರನ್ನು ಬಾಯಿಮಾತಿನಲ್ಲಿ ಮುಟ್ಟಿಸಿದರೆ ನಮ್ಮ ಬರವಣಿಗೆ ಸಾರ್ಥಕವಾದೀತು.